ಹಿಮದ ಗುಣ ಅರಿತಿದ್ದ ಜಗದ್ಗುರು

ಪ್ರತಿವರ್ಷ ನವೆಂಬರ್ ತಿಂಗಳಲ್ಲಿ ನೀವು ಆಚರಿಸುವ ಕ್ರಿಸ್ತರಾಜರ ಹಬ್ಬವನ್ನು 1925ರಲ್ಲಿ ಧರ್ಮಸಭೆಗೆ ಕೊಟ್ಟವರು ಜಗದ್ಗುರು ಹನ್ನೊಂದನೇ ಪಯಸ್. ಇದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಆದರೆ ಅವರು ಸೊಂಟಕ್ಕೆ ಹಗ್ಗ ಬಿಗಿದು ಆಲ್ಪ್ಸ್ ಪರ್ವತಗಳ ಹಿಮಶಿಖರಗಳನ್ನು ಏರಿದವರೆಂದು ಬಲ್ಲಿರಾ?

ಅವರ ಮೊದಲ ಹೆಸರು ಅಕಿಲ್ಲೆ ರಾತ್ತಿ. 1857ರ ಮೇ 31ರಂದು ಇಟಲಿಯ ಮಿಲಾನ್ ಬಳಿಯ ದೇಸಿಯೋದಲ್ಲಿ ಹುಟ್ಟಿದರು. 1879ರಲ್ಲಿ ಯಾಜಕದೀಕ್ಷೆ ಪಡೆದು, ಗುರುಮಠದಲ್ಲಿ ಪಾಠ ಹೇಳಿ, 1888ರಲ್ಲಿ ಮಿಲಾನಿನ ಅಂಬ್ರೋಸಿಯನ್ ಗ್ರಂಥಾಲಯಕ್ಕೆ ಬಂದರು. ವರ್ಷವೆಲ್ಲ ಹಳೆಯ ಹಸ್ತಪ್ರತಿಗಳ ನಡುವೆ ಕೆಲಸ, ಬೇಸಿಗೆಯಲ್ಲಿ ಪರ್ವತ.

1889ರ ಜುಲೈನಲ್ಲಿ ಅವರು ಆರಿಸಿಕೊಂಡದ್ದು ಮೊಂತೆ ರೋಸಾ ಪರ್ವತದ ಪೂರ್ವಮುಖವನ್ನು. ಅದರ ತುದಿ 4,634 ಮೀಟರ್. ಆ ಮುಖದಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ದೊಡ್ಡ ಹಿಮದ ಕೊರಕಲಿದೆ. 1881ರಲ್ಲಿ ಅಲ್ಲಿ ಹಿಮ ಕುಸಿದು ದಮಿಯಾನೊ ಮಾರಿನೆಲ್ಲಿ ಎಂಬ ಪರ್ವತಾರೋಹಿಯೂ ಅವರ ಇಬ್ಬರು ಮಾರ್ಗದರ್ಶಕರೂ ಪ್ರಾಣ ಕಳೆದುಕೊಂಡಿದ್ದರು. ಕೊರಕಲಿಗೆ ಮಾರಿನೆಲ್ಲಿಯ ಹೆಸರೇ ಉಳಿಯಿತು.

ಹಿಮ ಕುಸಿಯುವುದೇಕೆ? ಒಂದೊಂದು ಸಲ ಬಿದ್ದ ಹಿಮ ಒಂದೊಂದು ಪದರವಾಗಿ, ಚಾಪೆಯ ಮೇಲೆ ಚಾಪೆ ಹಾಸಿದಂತೆ ಕೂರುತ್ತದೆ. ನಡುವಿನ ಒಂದು ಪದರ ಸಕ್ಕರೆಯಂತೆ ಉದುರುದುರಾಗಿದ್ದರೆ ಸಾಕು, ಮೇಲಿನದೆಲ್ಲ ಜಾರಿಬಿಡಬಹುದು. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಈ ಭಯ ಹೆಚ್ಚು. ಹೊಸ ಹಿಮವೂ, ಅದನ್ನು ಒಂದೆಡೆ ಗುಡ್ಡೆ ಹಾಕುವ ಗಾಳಿಯೂ ಭಾರ ಹೆಚ್ಚಿಸುತ್ತವೆ. ಬೇಸಿಗೆಯಲ್ಲಿ ಇನ್ನೊಂದು ಕಾರಣವಿದೆ. ರಾತ್ರಿಯ ಚಳಿಗೆ ಹಿಮದ ಕಣಗಳು ಹೆಪ್ಪುಗಟ್ಟಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಬಿಸಿಲು ತಾಕಿದರೆ ಆ ಹಿಡಿತ ಸಡಿಲುತ್ತದೆ. ಪೂರ್ವಮುಖಕ್ಕೆ ಬಿಸಿಲು ಬೆಳಗಾಗುತ್ತಲೇ ಬೀಳುತ್ತದೆ.

ಆದ್ದರಿಂದಲೇ ಫಾದರ್ ರಾತ್ತಿ, ಜೊತೆಗಾರ ಲುಯಿಜಿ ಗ್ರಾಸೆಲ್ಲಿ, ಮಾರ್ಗದರ್ಶಕರಾದ ಗಾದಿನ್ ಮತ್ತು ಪ್ರೊಮೆಂಟ್ ನಡುರಾತ್ರಿ ಕಳೆದು ಒಂದು ಗಂಟೆಗೆಲ್ಲ ಹೊರಟರು. ಕತ್ತಲಲ್ಲೇ ಆ ಕೊರಕಲನ್ನು ದಾಟಿದರು. ದಿನವಿಡೀ ಏರಿದರೂ ತುದಿಯ ಬಳಿ ಸಂಜೆಯಾಯಿತು. ಆತುರಪಟ್ಟು ಕತ್ತಲಲ್ಲಿ ಇಳಿಯಲಿಲ್ಲ. ಕಿರಿದಾದ ಬಂಡೆಯ ಅಂಚಿನಲ್ಲಿ, ಕೊರೆಯುವ ಚಳಿಯಲ್ಲಿ ರಾತ್ರಿ ಕಳೆದರು. ಮರುದಿನ ಶಿಖರ ಮುಟ್ಟಿ, ಜುಮ್‌ಸ್ಟೈನ್ ಕಣಿವೆದಾರಿಯಿಂದ ಸ್ವಿಟ್ಜರ್ಲೆಂಡಿನ ಕಡೆಗೆ ಇಳಿದರು. ಮತ್ತೆ ಇರುಳಾಯಿತು, ಮತ್ತೆ ನಿಂತರು. ಆಗಸ್ಟ್ 1ರಂದು ನಾಲ್ವರೂ ಕ್ಷೇಮವಾಗಿ ಜೆರ್ಮಾಟ್ ಊರಿಗೆ ಬಂದರು.

ಒಂದೇ ಹಗ್ಗದಲ್ಲಿ ನಾಲ್ಕು ಜೀವ. ಒಬ್ಬರ ದುಡುಕು ನಾಲ್ವರನ್ನೂ ಎಳೆದುಬಿಡುತ್ತಿತ್ತು. ಪರ್ವತವೇರುವುದು ತಲೆ ಕೆಟ್ಟ ಸಾಹಸವಲ್ಲ, ಅದಕ್ಕೆ ಬೇಕಾದದ್ದು ವಿವೇಕ ಮತ್ತು ಸ್ವಲ್ಪ ಧೈರ್ಯ ಎಂಬುದೇ ಅವರು ಮುಂದೆ ಬರೆದದ್ದರ ಸಾರ. ವಿವೇಕದ ಹೆಸರು ಮೊದಲು ಬಂದದ್ದನ್ನು ಗಮನಿಸಿ.

1922ರಲ್ಲಿ ಅವರು ಜಗದ್ಗುರುಗಳಾದರು. ಮರುವರ್ಷವೇ ಸಂತ ಬರ್ನಾರ್ಡರನ್ನು ಆಲ್ಪ್ಸ್ ನಿವಾಸಿಗಳಿಗೂ ಪರ್ವತಾರೋಹಿಗಳಿಗೂ ಪಾಲಕ ಸಂತರೆಂದು ಘೋಷಿಸಿದರು. ಹಿಮದ ಕಣಿವೆದಾರಿಯಲ್ಲಿ ಪ್ರಯಾಣಿಕರಿಗಾಗಿ ಆಶ್ರಯಮನೆ ಕಟ್ಟಿಸಿದ ಸಂತರವರು. 1939ರ ಫೆಬ್ರವರಿ 10ರಂದು ಹನ್ನೊಂದನೇ ಪಯಸ್ ದೇವರ ಪಾದ ಸೇರಿದರು.

ಇಂದು ಆಲ್ಪ್ಸ್ ದೇಶಗಳಲ್ಲಿ ಚಳಿಗಾಲದುದ್ದಕ್ಕೂ ಹಿಮಕುಸಿತದ ಅಪಾಯವನ್ನು ಐದು ಹಂತಗಳಲ್ಲಿ ಅಳೆದು ಜನರಿಗೆ ತಿಳಿಸುತ್ತಾರೆ. ಆದರೂ ಇಳಿಜಾರಿನ ಮುಂದೆ ನಿಂತವರು ತಾವೇ ಹಿಮವನ್ನು ನೋಡಿ, ಮುಂದುವರಿಯಬೇಕೋ ಹಿಂತಿರುಗಬೇಕೋ ಎಂದು ತೀರ್ಮಾನಿಸಬೇಕು.

ನಿಮ್ಮ ಮಕ್ಕಳಿಗೆ ಧೈರ್ಯದ ಪಾಠ ಹೇಳುವಾಗ, ಬಂಡೆಯ ಅಂಚಿನಲ್ಲಿ ಬೆಳಗಿಗಾಗಿ ಕಾದು ಕುಳಿತ ಈ ಗುರುವಿನ ಕಥೆಯನ್ನೂ ಹೇಳಿ.