ಹಸನ್ ಫಾತಿ

ಹಸನ್ ಫಾತಿ (23 ಮಾರ್ಚ್ 1900 – 30 ನವೆಂಬರ್ 1989) ಈಜಿಪ್ಟ್ ದೇಶದ ವಾಸ್ತುಶಿಲ್ಪಿ, ಅಧ್ಯಾಪಕ ಹಾಗೂ ಲೇಖಕ. ಬಿಸಿಲಿನಲ್ಲಿ ಒಣಗಿಸಿದ ಮಣ್ಣಿನ ಇಟ್ಟಿಗೆ, ಕಮಾನು ಛಾವಣಿ ಮತ್ತು ಗುಮ್ಮಟಗಳನ್ನು ಬಳಸಿ, ಮರುಭೂಮಿಯ ತಾಪವನ್ನು ತಡೆಯುವ ಕಡಿಮೆ ವೆಚ್ಚದ ಮನೆಗಳನ್ನು ನಿರ್ಮಿಸಿದವರೆಂದು ಇವರು ಪ್ರಸಿದ್ಧರು. ಕಾಂಕ್ರೀಟು ಮತ್ತು ಉಕ್ಕು ಆಧುನಿಕತೆಯ ಗುರುತುಗಳೆನಿಸಿದ್ದ ಕಾಲದಲ್ಲಿ, ಆಯಾ ಪ್ರದೇಶದ ಮಣ್ಣು, ಗಾಳಿ, ನೆರಳು ಮತ್ತು ಕುಶಲಕರ್ಮಿಗಳ ಅನುಭವವೇ ಬಡವರ ಮನೆಗೆ ತಕ್ಕ ಸಾಮಗ್ರಿ ಎಂದು ಇವರು ವಾದಿಸಿದರು. ಲಕ್ಸರ್ ಬಳಿಯ ಹೊಸ ಗುರ್ನಾ ಗ್ರಾಮವು ಇವರ ಅತ್ಯಂತ ಪ್ರಸಿದ್ಧ ಕೃತಿಯಾಗಿದ್ದು, ಇವರ ಜೀವನದ ದೊಡ್ಡ ವೈಫಲ್ಯವೆಂದೂ ಅದನ್ನೇ ಹೆಸರಿಸಲಾಗುತ್ತದೆ.

ಆರಂಭಿಕ ಜೀವನ

ಫಾತಿಯವರು ಅಲೆಕ್ಸಾಂಡ್ರಿಯಾ ನಗರದ ಸ್ಥಿತಿವಂತ ಕುಟುಂಬದಲ್ಲಿ ಜನಿಸಿದರು. ಕುಟುಂಬಕ್ಕೆ ಜಮೀನಿದ್ದರೂ ಅವರ ಬಾಲ್ಯ ನಗರದಲ್ಲೇ ಕಳೆಯಿತು. ಹಳ್ಳಿಯ ಬದುಕಿನ ಕುರಿತು ತಾಯಿ ಹೇಳುತ್ತಿದ್ದ ನೆನಪುಗಳಿಂದ ಅವರಿಗೆ ಗ್ರಾಮಜೀವನದಲ್ಲಿ ಆಸಕ್ತಿ ಮೂಡಿತು. ಕೃಷಿ ವ್ಯಾಸಂಗಕ್ಕೆ ಸೇರಲು ಬಯಸಿ ಪ್ರವೇಶ ಪರೀಕ್ಷೆಯಲ್ಲಿ ವಿಫಲರಾದ ಅವರು ವಾಸ್ತುಶಿಲ್ಪದ ಕಡೆಗೆ ತಿರುಗಿ, 1926ರಲ್ಲಿ ಕೈರೋದಲ್ಲಿ ಪದವಿ ಪಡೆದರು.

ಪದವಿಯ ನಂತರ ಪೌರಾಡಳಿತ ಇಲಾಖೆಯಲ್ಲಿ ಕೆಲಸ ಮಾಡಿದರು. ಕುಟುಂಬದ ಜಮೀನಿಗೆ ಮೊದಲ ಬಾರಿ ಭೇಟಿ ನೀಡಿದಾಗ ರೈತ ಕಾರ್ಮಿಕರ ಕೊಳಕು, ಇಕ್ಕಟ್ಟಿನ ಗುಡಿಸಲುಗಳನ್ನು ಕಂಡು ಅವರು ತೀವ್ರವಾಗಿ ಕಲಕಿಹೋದರು. ಗ್ರಾಮೀಣ ವಸತಿಯೇ ಅವರ ಜೀವಮಾನದ ವಿಷಯವಾದದ್ದು ಇಲ್ಲಿಂದ. 1930ರಿಂದ ಕೈರೋದ ಲಲಿತಕಲಾ ಶಾಲೆಯಲ್ಲಿ ಅಧ್ಯಾಪಕರಾದರು. 1937ರಲ್ಲಿ ಮಣ್ಣಿನ ಮನೆಗಳ ವಿನ್ಯಾಸಗಳನ್ನು ಪ್ರದರ್ಶಿಸಿದರು.

ನ್ಯೂಬಿಯಾದ ಕಮಾನು

ಮಣ್ಣಿನ ಗೋಡೆ ಕಟ್ಟುವುದು ಈಜಿಪ್ಟಿನ ರೈತರಿಗೆ ಗೊತ್ತಿತ್ತು, ಛಾವಣಿಯೇ ಸಮಸ್ಯೆಯಾಗಿತ್ತು. ದೇಶದಲ್ಲಿ ಮರ ವಿರಳ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರಗಿನ ಮರ ಮತ್ತು ಉಕ್ಕಿನ ಪೂರೈಕೆಯೂ ಕುಂಠಿತವಾಯಿತು. 1941ರ ಸುಮಾರಿಗೆ ಬಹ್ತೀಮ್‌ನ ಕೃಷಿಕ್ಷೇತ್ರದಲ್ಲಿ ಫಾತಿಯವರು ಮರದ ಆಧಾರವಿಲ್ಲದೆ ಕಟ್ಟಿಸಲು ಯತ್ನಿಸಿದ ಮಣ್ಣಿನ ಕಮಾನು ಛಾವಣಿಗಳು ಕುಸಿದವು. ಆಗ ಅಸ್ವಾನ್‌ನಲ್ಲಿದ್ದ ಅವರ ಸಹೋದರರು, ಅಲ್ಲಿನ ನ್ಯೂಬಿಯನ್ ಜನರು ಅಂತಹ ಛಾವಣಿಗಳನ್ನು ಈಗಲೂ ಕಟ್ಟುತ್ತಿದ್ದಾರೆಂದು ತಿಳಿಸಿದರು.

ಅಸ್ವಾನ್‌ಗೆ ತೆರಳಿದ ಫಾತಿಯವರು ಅಲ್ಲಿನ ಮೇಸ್ತ್ರಿಗಳ ಕೆಲಸವನ್ನು ಕಣ್ಣಾರೆ ಕಂಡರು. ಈ ವಿಧಾನದಲ್ಲಿ ಕೋಣೆಯ ಹಿಂಗೋಡೆಯನ್ನು ಎತ್ತರಿಸಿ, ಅದರ ಮೇಲೆ ಕಮಾನಿನ ಆಕಾರವನ್ನು ಕಣ್ಣಳತೆಯಲ್ಲೇ ಗುರುತಿಸಲಾಗುತ್ತದೆ. ಹೆಚ್ಚು ಹುಲ್ಲು ಬೆರೆಸಿದ ಹಗುರವಾದ, ತೆಳುವಾದ ಇಟ್ಟಿಗೆಗಳ ಮೊದಲ ಸಾಲನ್ನು ಆ ಗೋಡೆಗೆ ಒರಗುವಂತೆ ಓರೆಯಾಗಿ ಇಡುತ್ತಾರೆ. ಮುಂದಿನ ಪ್ರತಿಯೊಂದು ಸಾಲೂ ಹಿಂದಿನ ಸಾಲಿಗೆ ಒರಗಿ ನಿಲ್ಲುವುದರಿಂದ, ಹಸಿ ಮಣ್ಣಿನ ಅಂಟು ಇಟ್ಟಿಗೆ ಜಾರದಂತೆ ಹಿಡಿದಿಡುತ್ತದೆ; ಕೆಳಗಿನಿಂದ ಸೆಂಟ್ರಿಂಗ್ ಆಧಾರ ಬೇಕಾಗುವುದಿಲ್ಲ. ಮಣ್ಣಿನ ಇಟ್ಟಿಗೆ ಒತ್ತಡವನ್ನು ತಾಳಬಲ್ಲದು, ಎಳೆತವನ್ನು ತಾಳಲಾರದು. ಪರವಲಯದ ಆಕಾರದ ಕಮಾನಿನಲ್ಲಿ ಭಾರವು ಒತ್ತಡವಾಗಿಯೇ ನೆಲಕ್ಕೆ ಇಳಿಯುವುದರಿಂದ ಇಂತಹ ಛಾವಣಿ ದೃಢವಾಗಿ ನಿಲ್ಲುತ್ತದೆ. ಲಕ್ಸರ್‌ನ ರಾಮೆಸ್ಸಿಯಂ ದೇವಾಲಯದ ಉಗ್ರಾಣಗಳ ಮಣ್ಣಿನ ಕಮಾನುಗಳು ಸುಮಾರು 3,200 ವರ್ಷಗಳ ನಂತರವೂ ಉಳಿದಿರುವುದು ಇದಕ್ಕೆ ನಿದರ್ಶನವಾಗಿದೆ. ಫಾತಿಯವರು ಅಸ್ವಾನ್‌ನ ಮೇಸ್ತ್ರಿಗಳನ್ನು ಕರೆತಂದು ತಮ್ಮ ನಿರ್ಮಾಣಗಳಲ್ಲಿ ತೊಡಗಿಸಿಕೊಂಡರು.

ಇದೇ ಅವಧಿಯಲ್ಲಿ ಕೈರೋ ಹೊರವಲಯದ ಎಜ್ಬೆತ್ ಅಲ್-ಬಸ್ರಿ ಎಂಬ ಪುಟ್ಟ ಊರು ದಿಢೀರ್ ಪ್ರವಾಹದಲ್ಲಿ ನಾಶವಾಯಿತು. ಸಂತ್ರಸ್ತರಿಗಾಗಿ ಫಾತಿಯವರು ಒಂದು ಮಾದರಿ ಮಣ್ಣಿನ ಮನೆಯನ್ನು ಕಡಿಮೆ ವೆಚ್ಚದಲ್ಲಿ ಕಟ್ಟಿ ತೋರಿಸಿದರು. ಆದರೆ ಪುನರ್ವಸತಿಗೆ ಕೊನೆಗೆ ಕಾಂಕ್ರೀಟು ಮನೆಗಳನ್ನೇ ಆಯ್ಕೆ ಮಾಡಲಾಯಿತು. ಮಾದರಿ ಮನೆಯನ್ನು ಕೆಡವಲಾಯಿತು.

ಹೊಸ ಗುರ್ನಾ

ನೈಲ್ ನದಿಯ ಪಶ್ಚಿಮ ದಂಡೆಯಲ್ಲಿ, ಪ್ರಾಚೀನ ಸಮಾಧಿಗಳ ಮೇಲೆಯೇ ನೆಲೆಸಿದ್ದ ಗುರ್ನಾ ಗ್ರಾಮದ ಸುಮಾರು 7,000 ನಿವಾಸಿಗಳನ್ನು ಬೇರೆಡೆಗೆ ಸ್ಥಳಾಂತರಿಸಲು ಪುರಾತತ್ವ ಇಲಾಖೆ ನಿರ್ಧರಿಸಿತು. ಸಮಾಧಿಗಳಿಂದ ಪ್ರಾಚೀನ ವಸ್ತುಗಳ ಕಳವು ತಡೆಯುವುದು ಇದರ ಉದ್ದೇಶವಾಗಿತ್ತು. 1945ರಲ್ಲಿ ಹೊಸ ಗ್ರಾಮದ ವಿನ್ಯಾಸದ ಹೊಣೆ ಫಾತಿಯವರಿಗೆ ದೊರೆಯಿತು.

ಪ್ರತಿ ಕುಟುಂಬದ ಅಗತ್ಯಕ್ಕೆ ತಕ್ಕಂತೆ ಬೇರೆಬೇರೆ ಮನೆಗಳನ್ನು ರೂಪಿಸುವುದು ಅವರ ಯೋಜನೆಯಾಗಿತ್ತು. ಒಳ ಅಂಗಳಗಳು, ನೆರಳಿನ ಓಣಿಗಳು, ದಪ್ಪ ಗೋಡೆಗಳು ತಾಪವನ್ನು ತಗ್ಗಿಸುವಂತೆ ವಿನ್ಯಾಸಗೊಂಡವು. ಮಸೀದಿ, ಮಾರುಕಟ್ಟೆ, ರಂಗಮಂದಿರ ಮತ್ತು ಶಾಲೆಗಳು ನಿರ್ಮಾಣವಾದವು. ಗ್ರಾಮಸ್ಥರಿಗೇ ಕಟ್ಟಡ ಕೆಲಸ ಕಲಿಸಿ, ಮುಂದೆ ಅವರೇ ತಮ್ಮ ಮನೆಗಳನ್ನು ಕಟ್ಟಿಕೊಳ್ಳುವಂತಾಗಬೇಕೆಂಬುದು ಅವರ ಆಶಯವಾಗಿತ್ತು.

ಆದರೆ ಗ್ರಾಮಸ್ಥರಲ್ಲಿ ಬಹುತೇಕರು ಹೊಸ ಊರಿಗೆ ಬರಲು ಒಪ್ಪಲಿಲ್ಲ. ಸಮಾಧಿಗಳ ನೆರೆಯಲ್ಲಿ ಅವರಿಗಿದ್ದ ಜೀವನೋಪಾಯಕ್ಕೆ ಬದಲಿ ವ್ಯವಸ್ಥೆ ದೊರೆಯುವ ಭರವಸೆ ಇರಲಿಲ್ಲ. ಹೊಸ ಊರನ್ನು ಮುಳುಗಿಸಲು ಕೆಲವರು ರಾತ್ರಿ ವೇಳೆ ಒಡ್ಡನ್ನು ಒಡೆದರೆಂದು ಫಾತಿಯವರು ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಅಧಿಕಾರಶಾಹಿಯ ವಿಳಂಬ ಮತ್ತು ಹಣದ ಕೊರತೆಯೂ ಇದಕ್ಕೆ ಸೇರಿ, ಯೋಜಿಸಿದ್ದ ಸುಮಾರು 900 ಮನೆಗಳಲ್ಲಿ ಸಣ್ಣ ಭಾಗ ಮಾತ್ರ ಪೂರ್ಣಗೊಂಡು ಕೆಲಸ ನಿಂತುಹೋಯಿತು.

ಅಥೆನ್ಸ್ ಮತ್ತು ಹೊಸ ಬಾರಿಸ್

1957ರಲ್ಲಿ ಈಜಿಪ್ಟ್ ತೊರೆದ ಫಾತಿಯವರು ಅಥೆನ್ಸ್‌ನಲ್ಲಿ ನಗರ ಯೋಜಕ ಕಾನ್‌ಸ್ಟಂಟಿನೋಸ್ ಡಾಕ್ಸಿಯಾಡಿಸ್ ಅವರ ಸಂಸ್ಥೆಯಲ್ಲಿ ಕೆಲಸ ಮಾಡಿ, ಕೆಲವು ವರ್ಷಗಳ ನಂತರ ಕೈರೋಗೆ ಮರಳಿದರು.

ಖಾರ್ಗಾ ಓಯಸಿಸ್ ಪ್ರದೇಶದ ಹೊಸ ಬಾರಿಸ್ ಗ್ರಾಮದಲ್ಲಿ ಅವರು ಹೆಚ್ಚು ಕಠಿಣವಾದ ಹವಾಮಾನವನ್ನು ಎದುರಿಸಬೇಕಾಯಿತು. ಇಲ್ಲಿ ಅವರು ಮಲ್ಕಫ್ ಎಂಬ ಸಾಂಪ್ರದಾಯಿಕ ಗಾಳಿಗೋಪುರವನ್ನು ವ್ಯಾಪಕವಾಗಿ ಬಳಸಿದರು. ಬೀಸುವ ಗಾಳಿಗೆ ಮುಖಮಾಡಿ ಛಾವಣಿಯ ಮೇಲೆದ್ದ ಈ ಗೋಪುರ, ನೆಲಮಟ್ಟಕ್ಕಿಂತ ಕಡಿಮೆ ಧೂಳಿರುವ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗಳಿಗೆ ಇಳಿಸುತ್ತದೆ. ಬಿಸಿಯಾದ ಗಾಳಿ ಮೇಲಿನ ಕಿಂಡಿಗಳಿಂದ ಹೊರಹೋಗುತ್ತದೆ. ಮಾರುಕಟ್ಟೆಯ ನೆಲಮಾಳಿಗೆಯಲ್ಲಿ ತರಕಾರಿ ಕೆಡದಂತಿಡಲು ಇದೇ ತತ್ವವನ್ನು ಅಳವಡಿಸಲಾಯಿತು. 1967ರ ಅರಬ್–ಇಸ್ರೇಲ್ ಯುದ್ಧದಿಂದಾಗಿ ಈ ಯೋಜನೆಯೂ ಅರ್ಧಕ್ಕೆ ನಿಂತಿತು.

ಹವಾಮಾನ ಕುರಿತ ಪ್ರಯೋಗಗಳು

1964ರಲ್ಲಿ ಕೈರೋದಲ್ಲಿ ಪ್ರಾಯೋಗಿಕ ಕಟ್ಟಡಗಳ ಒಳ ಉಷ್ಣತೆಯನ್ನು ಹೋಲಿಸಲಾಯಿತು. ಮಾರ್ಚ್ ತಿಂಗಳ ಒಂದು ದಿನ ಮಣ್ಣಿನ ಇಟ್ಟಿಗೆಯ ದಪ್ಪ ಗೋಡೆ ಮತ್ತು ಗುಮ್ಮಟವಿದ್ದ ಕಟ್ಟಡದಲ್ಲಿ ಉಷ್ಣತೆ 21ರಿಂದ 23 ಡಿಗ್ರಿ ಸೆಲ್ಸಿಯಸ್ ನಡುವೆಯೇ ಉಳಿಯಿತು. ತೆಳುವಾದ ಸಿದ್ಧ ಕಾಂಕ್ರೀಟು ಹಲಗೆಗಳ ಕಟ್ಟಡದಲ್ಲಿ ಅದು 36 ಡಿಗ್ರಿಗೆ ಏರಿತು. ದಪ್ಪ ಮಣ್ಣಿನ ಗೋಡೆ ಹಗಲಿನ ಶಾಖವನ್ನು ನಿಧಾನವಾಗಿ ಹೀರಿ, ರಾತ್ರಿಯ ತಂಪಿನಲ್ಲಿ ಹೊರಬಿಡುವುದು ಇದಕ್ಕೆ ಮುಖ್ಯ ಕಾರಣ. ಯಂತ್ರ ಮತ್ತು ವಿದ್ಯುತ್ತಿನ ನೆರವಿಲ್ಲದೆ ಕಟ್ಟಡವನ್ನು ತಂಪಾಗಿಡುವ ಇಂತಹ ಉಪಾಯಗಳು ಹವಾಮಾನ ಬದಲಾವಣೆಯ ಇಂದಿನ ಸಂದರ್ಭದಲ್ಲಿ ಮತ್ತೆ ಮಹತ್ವ ಪಡೆದಿವೆ.

ಕೃತಿಗಳು ಮತ್ತು ಪ್ರಶಸ್ತಿಗಳು

ಹೊಸ ಗುರ್ನಾದ ಅನುಭವವನ್ನು ವಿವರಿಸುವ ಅವರ ಗ್ರಂಥ 1969ರಲ್ಲಿ ಕೈರೋದಲ್ಲಿ ಪ್ರಕಟವಾಯಿತು. 1973ರಲ್ಲಿ ಚಿಕಾಗೋ ವಿಶ್ವವಿದ್ಯಾಲಯವು 'ಆರ್ಕಿಟೆಕ್ಚರ್ ಫಾರ್ ದ ಪೂರ್' ಎಂಬ ಹೆಸರಿನಲ್ಲಿ ಅದನ್ನು ಪ್ರಕಟಿಸಿದ ಮೇಲೆ ಫಾತಿಯವರು ವಿಶ್ವಪ್ರಸಿದ್ಧರಾದರು. 1980ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಅಧ್ಯಕ್ಷರ ಪುರಸ್ಕಾರ ಮತ್ತು ರೈಟ್ ಲೈವ್ಲಿಹುಡ್ ಪ್ರಶಸ್ತಿ, 1984ರಲ್ಲಿ ಅಂತಾರಾಷ್ಟ್ರೀಯ ವಾಸ್ತುಶಿಲ್ಪಿಗಳ ಒಕ್ಕೂಟದ ಚಿನ್ನದ ಪದಕ ಅವರಿಗೆ ಸಂದವು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಅಬಿಕ್ಯೂನಲ್ಲಿಯೂ ಅವರ ವಿನ್ಯಾಸದ ಮಸೀದಿ ನಿರ್ಮಾಣವಾಯಿತು. ಜೀವನದ ಕೊನೆಯ ದಶಕಗಳನ್ನು ಅವರು ಕೈರೋ ಕೋಟೆಯ ಬಳಿಯ ಹಳೆಯ ಮನೆಯೊಂದರಲ್ಲಿ ಕಳೆದು, 1989ರಲ್ಲಿ ನಿಧನರಾದರು.

ವಿಮರ್ಶೆ

ಗುಮ್ಮಟವು ಗ್ರಾಮಸ್ಥರ ಮನಸ್ಸಿನಲ್ಲಿ ಸಮಾಧಿಯೊಂದಿಗೆ ಬೆಸೆದಿದ್ದುದರಿಂದ ವಾಸದ ಮನೆಗೆ ಅದು ಒಪ್ಪಿಗೆಯಾಗಲಿಲ್ಲ ಎಂಬ ಟೀಕೆಯಿದೆ. ಬಡವರಿಗಾಗಿ ರೂಪಿಸಿದ ಶೈಲಿಯನ್ನು ಮುಂದೆ ಹೆಚ್ಚಾಗಿ ಬಯಸಿದವರು ಶ್ರೀಮಂತರೇ ಎಂಬುದನ್ನೂ ವಿಮರ್ಶಕರು ಗುರುತಿಸಿದ್ದಾರೆ. ತಾಂತ್ರಿಕ ಮಿತಿಗಳೂ ಇವೆ. ಮಣ್ಣಿನ ಇಟ್ಟಿಗೆ ನೀರಿಗೆ ಸುಲಭವಾಗಿ ಸೋಲುತ್ತದೆ. ಹೊಸ ಗುರ್ನಾದಲ್ಲಿ ಮೇಲೇರಿದ ಅಂತರ್ಜಲ ಮತ್ತು ಅದರ ಲವಣಗಳು ಗೋಡೆಗಳನ್ನು ಹಾಳುಗೆಡವಿದವು. ಬಲವರ್ಧನೆಯಿಲ್ಲದ ಮಣ್ಣಿನ ಗೋಡೆಗಳು ಭೂಕಂಪದಲ್ಲಿ ಕುಸಿಯುವ ಅಪಾಯ ಹೆಚ್ಚಾಗಿರುವುದರಿಂದ, ಅಂತಹ ಪ್ರದೇಶಗಳಲ್ಲಿ ಈ ವಿಧಾನವನ್ನು ಯಥಾವತ್ತಾಗಿ ಅನುಸರಿಸಲಾಗದು. ಸ್ಥಳಕ್ಕೆ ತಕ್ಕಂತೆ ಕಟ್ಟಬೇಕೆಂಬ ಫಾತಿಯವರ ಮೂಲ ತತ್ವವೂ ಇಂತಹ ನಕಲನ್ನು ಸಮರ್ಥಿಸುವುದಿಲ್ಲ.

ಪ್ರಭಾವ

ವಿಶ್ವ ಸ್ಮಾರಕ ನಿಧಿಯು 2010ರಲ್ಲಿ ಹೊಸ ಗುರ್ನಾವನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಯುನೆಸ್ಕೋ ನೆರವಿನಿಂದ ಅಲ್ಲಿನ ಮಸೀದಿ ಸೇರಿದಂತೆ ಕೆಲವು ಸಾರ್ವಜನಿಕ ಕಟ್ಟಡಗಳ ಸಂರಕ್ಷಣೆ ನಡೆಯಿತು. ಫಾತಿಯವರು ಪುನಃ ಪರಿಚಯಿಸಿದ ನ್ಯೂಬಿಯನ್ ವಿಧಾನವು ಬುರ್ಕಿನಾ ಫಾಸೊ ಮುಂತಾದ ಪಶ್ಚಿಮ ಆಫ್ರಿಕಾದ ದೇಶಗಳಲ್ಲಿ ಮರವಿಲ್ಲದ ಮನೆಗಳಿಗೆ ಬಳಕೆಯಾಗುತ್ತಿದೆ. ಭಾರತದಲ್ಲಿ ಆರೋವಿಲ್‌ನ ಮಣ್ಣಿನ ವಾಸ್ತುಶಿಲ್ಪ ಸಂಸ್ಥೆಯು ಇದೇ ವಿಧಾನವನ್ನು ಬೆಳೆಸಿ, ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಗಳಿಂದ ಕಮಾನು ಮತ್ತು ಗುಮ್ಮಟಗಳನ್ನು ಕಟ್ಟುವ ತರಬೇತಿಯನ್ನು ನೀಡುತ್ತಿದೆ.