ಡಾನ್ ನದಿಯಿಂದ ಶಿಕಾಗೋಗೆ: ಜನರಲ್ ಟರ್ಚಿನ್

ಇಲಿನಾಯ್‌ನಲ್ಲಿ ಓದುವ ನಮ್ಮ ಮಕ್ಕಳಿಗೆ ಲಿಂಕನ್, ಗ್ರಾಂಟ್ ಹೆಸರುಗಳು ಬಾಯಿಪಾಠ. ಅದೇ ಅಂತರ್ಯುದ್ಧಕ್ಕೆ ಶಿಕಾಗೋದಿಂದ ದಂಡು ಕಟ್ಟಿಕೊಂಡು ಹೋದ ರಷ್ಯದ ಅಧಿಕಾರಿಯೊಬ್ಬನಿದ್ದ. ಅವನ ಕಥೆ ಸ್ವಲ್ಪ ತೊಡಕಿನದು.

ಅವನ ಮೂಲ ಹೆಸರು ಇವಾನ್ ವಾಸಿಲ್ಯೆವಿಚ್ ತುರ್ಚಾನಿನೋವ್. ಹುಟ್ಟಿದ್ದು 1822ರಲ್ಲಿ, ಡಾನ್ ನದಿಯ ಸೀಮೆಯ ಕೊಸಾಕ್ ಕುಲೀನ ಮನೆತನದಲ್ಲಿ. ಕೊಸಾಕರೆಂದರೆ ಕುದುರೆ ಸವಾರಿಗೆ ಹೆಸರಾದವರು. ಸೇಂಟ್ ಪೀಟರ್ಸ್‌ಬರ್ಗ್‌ನ ಫಿರಂಗಿ ಶಾಲೆಯಲ್ಲಿ ಓದಿದ ಇವಾನ್ ಕುದುರೆ ಫಿರಂಗಿ ದಳಕ್ಕೆ ಸೇರಿದ. 1849ರಲ್ಲಿ ಹಂಗೇರಿಯ ಯುದ್ಧ ಕಂಡ, 1852ರಲ್ಲಿ ಉನ್ನತ ಸೇನಾ ಅಕಾಡೆಮಿಯಿಂದ ಹೊರಬಂದ, ಕ್ರಿಮಿಯಾ ಯುದ್ಧದ ಹೊತ್ತಿಗೆ ಕರ್ನಲ್ ಆಗಿದ್ದ. ಇನ್ನೇನು ಬೇಕು ಎನ್ನುವ ಸ್ಥಿತಿ. ಆದರೆ ರೈತರನ್ನು ಜಮೀನಿನ ಜೊತೆ ಕಟ್ಟಿಹಾಕುವ ಜೀತ ಪದ್ಧತಿ, ಚಕ್ರವರ್ತಿಯ ನಿರಂಕುಶ ಆಳ್ವಿಕೆ ಅವನಿಗೆ ಒಗ್ಗಲಿಲ್ಲ. 1856ರಲ್ಲಿ ಹೆಂಡತಿ ನಾದೆಜ್ದಾಳೊಂದಿಗೆ ಅಮೆರಿಕಕ್ಕೆ ಬಂದುಬಿಟ್ಟ. (ಆಗ ನಮ್ಮ ಮೈಸೂರಿನಲ್ಲಿ ಕಬ್ಬನ್ ಸಾಹೇಬರ ಆಡಳಿತ.) ಇಲ್ಲಿನವರ ನಾಲಿಗೆಗೆ ಸುಲಭವಾಗಲೆಂದು ಅವನು ಜಾನ್ ಬೇಸಿಲ್ ಟರ್ಚಿನ್ ಆದ, ಅವಳು ನಾದಿನ್. ನಮ್ಮ ವೆಂಕಟೇಶ ವೆಂಕಿ ಆಗುವುದಿಲ್ಲವೇ, ಹಾಗೆ!

ಇಲಿನಾಯ್ ಸೆಂಟ್ರಲ್ ರೈಲ್ವೆಯಲ್ಲಿ ಇಂಜಿನಿಯರ್ ಕೆಲಸ ಮಾಡುತ್ತಿದ್ದ ಟರ್ಚಿನ್, 1861ರಲ್ಲಿ 19ನೇ ಇಲಿನಾಯ್ ಪದಾತಿ ರೆಜಿಮೆಂಟಿನ ಕರ್ನಲ್ ಆದ. ಹುಡುಗರಿಗೆ ಕವಾಯತು ಕಲಿಸಿ ಒಳ್ಳೆಯ ಸಿಪಾಯಿಗಳನ್ನಾಗಿ ಮಾಡಿದ. ನಾದಿನ್ ಕೂಡ ದಂಡಿನ ಜೊತೆಯಲ್ಲೇ ಹೋದಳು.

1862ರ ಮೇ 2ರಂದು ಅಲಬಾಮಾದ ಅಥೆನ್ಸ್ ಎಂಬ ಊರಿನಲ್ಲಿ ಆಗಬಾರದ್ದು ಆಯಿತು. ಹಿಂದಿನ ದಿನ ಅಲ್ಲಿಂದ ಹಿಮ್ಮೆಟ್ಟಿದ ಉತ್ತರದ ಸೈನಿಕರನ್ನು ಊರಿನವರು ಗೇಲಿ ಮಾಡಿ ಕಳಿಸಿದ್ದರು. ಟರ್ಚಿನ್‌ನ ದಳ ಊರನ್ನು ಮತ್ತೆ ಹಿಡಿದಾಗ ಸಿಪಾಯಿಗಳು ಅಂಗಡಿ, ಮನೆಗಳನ್ನು ಸೂರೆ ಮಾಡಿದರು. ನಷ್ಟ 50,000 ಡಾಲರಿಗೂ ಹೆಚ್ಚೆಂದು ಊರಿನವರು ದೂರಿದರು. ನಾಯಕ ತಡೆಯಲಿಲ್ಲ. ಮೇಲಧಿಕಾರಿ ಜನರಲ್ ಬ್ಯುಎಲ್, ದಕ್ಷಿಣದ ನಾಗರಿಕರ ಆಸ್ತಿಯನ್ನು ಮುಟ್ಟಬಾರದೆಂಬ ನೀತಿಯವನು. ಸೈನಿಕ ನ್ಯಾಯಾಲಯ ಕೂರಿಸಿದ. ಅದರ ಅಧ್ಯಕ್ಷ, ಮುಂದೆ ರಾಷ್ಟ್ರಾಧ್ಯಕ್ಷನಾದ ಗಾರ್ಫೀಲ್ಡ್. ಹೆಂಡತಿಯನ್ನು ಶಿಬಿರದಲ್ಲಿ ಇಟ್ಟುಕೊಂಡದ್ದೂ ಒಂದು ಆರೋಪ! ತೀರ್ಪು: ಸೇನೆಯಿಂದ ವಜಾ. ಅದು ಜಾರಿಯಾಗುವ ಮೊದಲೇ, ಜುಲೈನಲ್ಲಿ, ಲಿಂಕನ್ ಅವನನ್ನು ಬ್ರಿಗೇಡಿಯರ್ ಜನರಲ್ ಹುದ್ದೆಗೆ ಸೂಚಿಸಿ, ಸೆನೆಟ್ ಒಪ್ಪಿಯಾಗಿತ್ತು. ಶಿಕಾಗೋ ಅವನನ್ನು ವೀರನಂತೆ ಬರಮಾಡಿಕೊಂಡಿತು.

ಓಡಿಬಂದ ಗುಲಾಮರನ್ನು ಒಡೆಯರಿಗೆ ಹಿಂತಿರುಗಿಸಲು ಟರ್ಚಿನ್ ಒಪ್ಪುತ್ತಿರಲಿಲ್ಲ. ಗುಲಾಮಗಿರಿ ನಡೆಸುವವರಿಗೆ ಮೃದುವಾಗಿ ನಡೆದುಕೊಂಡರೆ ಯುದ್ಧ ಮುಗಿಯುವುದಿಲ್ಲ ಎಂಬುದು ಅವನ ನಂಬಿಕೆ. ಇದರಲ್ಲಿ ಅವನು ಸರಿ ಎಂದೇ ನನ್ನ ಅನಿಸಿಕೆ. ಆದರೆ ಅಥೆನ್ಸ್‌ನಲ್ಲಿ ಅವನ ಸಿಪಾಯಿಗಳು ಗುಲಾಮಗಿರಿಯಲ್ಲಿದ್ದ ಹೆಣ್ಣುಮಕ್ಕಳ ಮೇಲೂ ಕೈಮಾಡಿದ್ದರು. ಯಾರ ಬಿಡುಗಡೆಗಾಗಿ ಹೋರಾಟವೋ ಅವರಿಗೇ ಆದ ಅನ್ಯಾಯ! ಶಿಕಾಗೋದ ಜಯಕಾರದ ನಡುವೆ ಅದನ್ನು ಯಾರು ನೆನೆದರು?

1863ರಲ್ಲಿ ಕೆಲವು ತಿಂಗಳು ಅವನಿಗೆ ಕುದುರೆ ಸೈನ್ಯದ ಒಂದು ಡಿವಿಷನ್ ಸಿಕ್ಕಿತು. ಆದರೆ ಹೆಸರು ತಂದದ್ದು ಮತ್ತೆ ಕಾಲಾಳುಗಳೇ. ಆ ಸೆಪ್ಟೆಂಬರಿನಲ್ಲಿ ಚಿಕಮಾಗಾದಲ್ಲಿ ಉತ್ತರದ ಸೈನ್ಯ ಸೋತು ಹಿಮ್ಮೆಟ್ಟುವಾಗ, ದಾರಿಗೆ ಅಡ್ಡವಾಗಿದ್ದ ಶತ್ರುಗಳ ಮೇಲೆ ಟರ್ಚಿನ್‌ನ ಬ್ರಿಗೇಡ್ ನುಗ್ಗಿ ದಾರಿ ಬಿಡಿಸಿತು. ನವೆಂಬರಿನಲ್ಲಿ ಮಿಷನರಿ ರಿಡ್ಜ್ ಗುಡ್ಡ ಹತ್ತಿದವರಲ್ಲೂ ಅವನ ಜನರಿದ್ದರು. ಈ ದಿನಗಳ ಡೈರಿಯನ್ನು ನಾದಿನ್ ಫ್ರೆಂಚ್ ಭಾಷೆಯಲ್ಲಿ ಬರೆದಿಟ್ಟಿದ್ದಾಳೆ. 1864ರ ಅಕ್ಟೋಬರಿನಲ್ಲಿ ಆರೋಗ್ಯ ಕೆಟ್ಟು ಟರ್ಚಿನ್ ರಾಜೀನಾಮೆ ಕೊಟ್ಟ.

ಆಮೇಲೆ ಶಿಕಾಗೋದಲ್ಲಿ ಪೇಟೆಂಟ್ ಕೆಲಸ, ದಕ್ಷಿಣ ಇಲಿನಾಯ್‌ನ ರೇಡಮ್‌ನಲ್ಲಿ ಪೋಲಿಷ್ ವಲಸೆಗಾರರ ಊರು ಕಟ್ಟುವ ಕೆಲಸ, 1888ರಲ್ಲಿ ಚಿಕಮಾಗಾ ಕದನದ ಬಗ್ಗೆ ಒಂದು ಪುಸ್ತಕ. ಹಣ ಮಾತ್ರ ಕೈಹತ್ತಲಿಲ್ಲ. ಮುಪ್ಪಿನಲ್ಲಿ ಬುದ್ಧಿ ಮಂಕಾಗಿ, 1901ರ ಜೂನ್ 18ರಂದು ಆನಾ ಎಂಬ ಊರಿನ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡ. ಮೂರು ವರ್ಷದ ನಂತರ ನಾದಿನ್ ಕೂಡ ಹೋದಳು. ದಂಡಿನಲ್ಲಿ ಹೆಂಡತಿ ಇರಬಾರದೆಂದು ಕಾನೂನು ಹೇಳಿತ್ತು. ಮೌಂಡ್ ಸಿಟಿಯ ಸೈನಿಕರ ಸ್ಮಶಾನದಲ್ಲಿ ಇಬ್ಬರೂ ಜೊತೆಗೇ ಮಲಗಿದ್ದಾರೆ.