ಚೆಲ್ಸಿಯ ಮೂಲಿಕಾವನ ಮತ್ತು ಎಲಿಜಬೆತ್ ಬ್ಲಾಕ್‌ವೆಲ್

ಲಂಡನ್ ನಗರದ ಚೆಲ್ಸಿಯಲ್ಲಿ, ಥೇಮ್ಸ್ ನದಿಯ ಮಗ್ಗುಲಲ್ಲಿ, ಎತ್ತರವಾದ ಇಟ್ಟಿಗೆಯ ಗೋಡೆಗಳ ಮರೆಯಲ್ಲಿ ಸುಮಾರು ನಾಲ್ಕು ಎಕರೆಗಳ ಮೂಲಿಕಾವನವೊಂದಿದೆ. ಔಷಧಕಾರರ ಸಂಘವು ತನ್ನ ಶಿಷ್ಯರಿಗೆ ಗಿಡಮೂಲಿಕೆಗಳ ಗುರುತು ಕಲಿಸಲೆಂದು 1673ರಲ್ಲಿ ಇದನ್ನು ಸ್ಥಾಪಿಸಿತು. ಒಂದು ಸೊಪ್ಪಿಗೆ ಬದಲು ಅದನ್ನೇ ಹೋಲುವ ಮತ್ತೊಂದು ಸೊಪ್ಪು ಕಷಾಯಕ್ಕೆ ಬಿದ್ದರೆ ರೋಗಿಯ ಪ್ರಾಣಕ್ಕೇ ಸಂಚಕಾರವಷ್ಟೆ! 1722ರಲ್ಲಿ ಸರ್ ಹ್ಯಾನ್ಸ್ ಸ್ಲೋನ್ ಎಂಬ ವೈದ್ಯಮಹಾಶಯನು ವರ್ಷಕ್ಕೆ ಐದು ಪೌಂಡುಗಳ ಗೇಣಿಗೆ ಈ ನೆಲವನ್ನು ಸಂಘಕ್ಕೆ ಶಾಶ್ವತವಾಗಿ ಬಿಟ್ಟುಕೊಟ್ಟನು. 1983ರಿಂದ ಇಲ್ಲಿಗೆ ಸಾರ್ವಜನಿಕರಿಗೂ ಪ್ರವೇಶವುಂಟು. ಒಳಹೊಕ್ಕವರ ದೃಷ್ಟಿ ಮೊದಲು ಸ್ಲೋನನ ಪ್ರತಿಮೆಯತ್ತ ಹರಿಯುತ್ತದೆ. ಆದರೆ ಈ ಪಾತಿಗಳ ನಡುವೆ ನೆನೆಯಬೇಕಾದ ಇನ್ನೊಂದು ಜೀವವುಂಟು.

ಎಲಿಜಬೆತ್ ಬ್ಲಾಕ್‌ವೆಲ್ ಆಗಿನ ಕಾಲದ ಸಾಧಾರಣ ಗೃಹಿಣಿ. ಆಕೆಯ ಪತಿ ಅಲೆಕ್ಸಾಂಡರ್ ವಿದ್ಯಾವಂತ, ಆದರೆ ವ್ಯವಹಾರ ಚತುರನಲ್ಲ. ಕ್ರಮವಾಗಿ ಶಿಷ್ಯವೃತ್ತಿ ಮಾಡದೆಯೇ ಲಂಡನ್ನಿನಲ್ಲಿ ಅಚ್ಚುಕೂಟ ತೆರೆದನು. ಮುದ್ರಕರು ಅವನ ಮೇಲೆ ವ್ಯಾಜ್ಯ ಹೂಡಿದರು. ದಂಡ ಬಿತ್ತು, ಸಾಲ ಬೆಳೆಯಿತು, ಕೊನೆಗೆ ಸಾಲಗಾರರ ಸೆರೆಮನೆಯೇ ಗತಿಯಾಯಿತು.

ಆಕೆಗೆ ಬರುತ್ತಿದ್ದ ವಿದ್ಯೆ ಚಿತ್ರಕಲೆಯೊಂದೇ. ಔಷಧಕಾರರಿಗೆ ಹೊಸದೊಂದು ಸಚಿತ್ರ ಮೂಲಿಕಾಗ್ರಂಥ ಬೇಕಾಗಿದೆ ಎಂಬುದು ಆಕೆಗೆ ತಿಳಿದುಬಂದಿತು. ಸ್ಲೋನ್, ಡಾಕ್ಟರ್ ಮೀಡ್, ತೋಟದ ಐಸಾಕ್ ರಾಂಡ್ ಮೊದಲಾದವರು ಪ್ರೋತ್ಸಾಹವಿತ್ತರು. ಆಕೆ ತೋಟದ ಬಳಿಯ ಸ್ವಾನ್ ವಾಕ್ ಬೀದಿಯಲ್ಲಿ ಬಿಡಾರ ಹೂಡಿ, ಸಜೀವ ಗಿಡಗಳನ್ನು ಕಣ್ಣೆದುರಿಗಿಟ್ಟುಕೊಂಡು ಬರೆಯತೊಡಗಿದಳು. ಚಿತ್ರ ಬರೆಯುವವನೊಬ್ಬ, ತಾಮ್ರದ ಫಲಕದಲ್ಲಿ ಕೊರೆಯುವವನೊಬ್ಬ, ಬಣ್ಣ ತುಂಬುವವನೊಬ್ಬ, ಹೀಗೆ ಮೂವರು ಮಾಡುವ ಕೆಲಸವನ್ನು ಆಕೆಯೊಬ್ಬಳೇ ಮಾಡಿದಳು. ಸೆರೆಯಲ್ಲಿದ್ದ ಪತಿ ಗಿಡಗಳ ಹೆಸರುಗಳನ್ನು ಹಲವು ಭಾಷೆಗಳಲ್ಲಿ ಒದಗಿಸಿ ನೆರವಾದನೆಂದು ಹೇಳುತ್ತಾರೆ.

1737ರಿಂದ 1739ರವರೆಗೆ, ವಾರಕ್ಕೆ ನಾಲ್ಕು ಚಿತ್ರಗಳಂತೆ 125 ವಾರಗಳಲ್ಲಿ 500 ಚಿತ್ರಗಳು ಹೊರಬಂದವು. ವೈದ್ಯರ ವಿದ್ಯಾಪೀಠವು ಗ್ರಂಥವನ್ನು ಮೆಚ್ಚಿ ಶಿಫಾರಸು ಮಾಡಿತು. ನಮ್ಮ ಪಡುವಣ ಕರಾವಳಿಯಿಂದ ಹಡಗೇರಿ ಹೋಗುತ್ತಿದ್ದ ಕರಿಮೆಣಸಿನ ಬಳ್ಳಿಗೂ ಅದರಲ್ಲಿ ಸ್ಥಾನ ದೊರೆತಿದೆ. ಬಂದ ಹಣದಿಂದ ಪತಿಯ ಋಣ ತೀರಿತು. ಅವನು ಬಿಡುಗಡೆ ಹೊಂದಿದನು.

ಆದರೆ ವಿಧಿ ಅಲ್ಲಿಗೇ ಸುಮ್ಮನಾಗಲಿಲ್ಲ. ಅಲೆಕ್ಸಾಂಡರ್ ಮತ್ತೆ ಸಾಲಕ್ಕೆ ಸಿಲುಕಿ, 1742ರಲ್ಲಿ ಸ್ವೀಡನ್ ದೇಶಕ್ಕೆ ಹೋದನು. ಅಲ್ಲಿ ಅರಮನೆಯ ಆಶ್ರಯ ಗಳಿಸಿದರೂ, ರಾಜದ್ರೋಹದ ಆರೋಪಕ್ಕೆ ಗುರಿಯಾಗಿ 1747ರಲ್ಲಿ ಶಿರಚ್ಛೇದಕ್ಕೆ ಒಳಗಾದನು. ಎಲಿಜಬೆತ್ ಹನ್ನೊಂದು ವರ್ಷ ಹೆಚ್ಚು ಬದುಕಿ 1758ರಲ್ಲಿ ತೀರಿಕೊಂಡಳು. ಆ ಚೆಲ್ಸಿಯ ಮಣ್ಣಿನಲ್ಲಿಯೇ ಆಕೆಯ ಸಮಾಧಿಯಾಯಿತು. ಅಷ್ಟರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ವೈದ್ಯ ಟ್ರ್ಯೂ ಎಂಬವನು ಆಕೆಯ ಗ್ರಂಥವನ್ನು ವಿಸ್ತರಿಸಿ ಮರುಮುದ್ರಿಸತೊಡಗಿದ್ದನು. ಗ್ರಂಥದ ಹೆಸರಿನಲ್ಲಿಯೇ ಬ್ಲಾಕ್‌ವೆಲ್ ಎಂಬ ಹೆಸರು ಸೇರಿಕೊಂಡಿತು.

ಯಾರನ್ನು ಉಳಿಸಲೆಂದು ಆಕೆ ಕಣ್ಣು ಸವೆಸಿದಳೋ ಅವನು ಉಳಿಯಲಿಲ್ಲ. ಆ ಶ್ರಮದಿಂದ ಹುಟ್ಟಿದ ಗ್ರಂಥ ಉಳಿಯಿತು. ನಮ್ಮ ಮನೆಗಳಲ್ಲಿಯೂ ಹಿತ್ತಿಲಿನ ಎಲೆ, ಬೇರು, ತೊಗಟೆಗಳ ಗುಣವನ್ನು ಬಲ್ಲ ಅಜ್ಜಿಯರಿದ್ದಾರೆ. ಅವರ ಅರಿವನ್ನು ಕನ್ನಡದ ಹೆಸರುಗಳೊಡನೆ ಬರೆದಿಡುವ ಕೈಯೊಂದು ಪ್ರತಿ ಮನೆಯಲ್ಲಿಯೂ ಹುಟ್ಟಿದರೆ, ಚೆಲ್ಸಿಯ ಆ ತಾಯಿಗೆ ಅದಕ್ಕಿಂತ ಮಿಗಿಲಾದ ಗೌರವ ಬೇರೊಂದಿರಲಾರದು.